ಲಿವರ್‌ಪೂಲ್ ಬೆಳೆದದ್ದು ಬರೀ ಸಾಹಸದಿಂದಲ್ಲ

ಸುರಪುರ ಆಳಿದ ಮೆಡೋಸ್ ಟೇಲರ್ ಹುಟ್ಟಿದೂರು ಲಿವರ್‌ಪೂಲ್ ವ್ಯಾಪಾರಿಗಳ ಸಾಹಸದಿಂದಲೇ ಬೆಳೆಯಿತೆಂದು ಕಳೆದ ವಾರದ ಲೇಖನ ಹೇಳಿದ್ದು ಅರ್ಧಸತ್ಯ. 1715ರಲ್ಲಿ ಅಲ್ಲಿ ತೆರೆದ ಹಡಗುಕಟ್ಟೆ ಜಾಣ್ಮೆಯದೇ: ಸಮುದ್ರ ಇಳಿದರೂ ಗೇಟಿನೊಳಗೆ ನೀರು ನಿಂತು, ಸರಕು ಸಲೀಸಾಗಿ ಇಳಿಯುತ್ತಿತ್ತು. ಆದರೆ ಆ ಊರಿನ ಹಡಗುಗಳು ಆಫ್ರಿಕಾದ ಲಕ್ಷಾಂತರ ಜನರನ್ನು ಹೊತ್ತೊಯ್ದು ಅಟ್ಲಾಂಟಿಕ್‌ನಾಚೆ ಮಾರಿದವು. 1807ರಲ್ಲಿ ಆ ವ್ಯಾಪಾರ ನಿಷೇಧವಾಯಿತು; ಮರುವರ್ಷ ಟೇಲರ್ ಹುಟ್ಟಿದರು. ಆಮೇಲೂ ಬಂದರನ್ನು ಸಾಕಿದ್ದು ಅಮೆರಿಕದ ಗುಲಾಮರು ಬೆಳೆದ ಹತ್ತಿ. 1861ರಲ್ಲಿ ಶುರುವಾದ ಅಮೆರಿಕದ ಅಂತರ್ಯುದ್ಧದಲ್ಲಿ ಆ ಹತ್ತಿ ನಿಂತಾಗ ಧಾರವಾಡದ ಹತ್ತಿಗೂ ಬೇಡಿಕೆ ಏರಿತು. ಲಿವರ್‌ಪೂಲೇ 2007ರಲ್ಲಿ ಗುಲಾಮಗಿರಿಯ ವಸ್ತುಸಂಗ್ರಹಾಲಯ ತೆರೆದು ತನ್ನ ಪಾಲು ಒಪ್ಪಿಕೊಂಡಿದೆ. ಆ ಊರೇ ಮುಚ್ಚಿಡದ್ದನ್ನು ನಾವೇಕೆ ಮುಚ್ಚಿಡಬೇಕು? ಶಹಾಪುರದ ಹೊಲಗಳಲ್ಲಿ ಹತ್ತಿ ಬಿಡಿಸುವ ಕೈಗಳನ್ನು ಕಂಡ ನಾವು, ದುಡಿದವರನ್ನು ಬಿಟ್ಟು ಚರಿತ್ರೆ ಬರೆಯಬಾರದು.