ಕಾರ್ಡು ಇದ್ದರೆ ಸಾಲದು

“ಗ್ರೀನ್ ಕಾರ್ಡ್ ಉಂಟಲ್ಲ, ಪೌರತ್ವಕ್ಕೆ ಎಂತ ಅವಸರ ಮಾರಾಯ?” ಅಮೆರಿಕದಿಂದ ರಜೆಯಲ್ಲಿ ಕಾಸರಗೋಡಿಗೆ ಬಂದವರಿಗೆಲ್ಲ ಸಿಗುವ ಬುದ್ಧಿವಾದ ಇದು. ಇದನ್ನು ನಂಬಿ ಕೆಟ್ಟವನು ನಾನು.

ಅಲ್ಲಿನ ಲೆಕ್ಕ ಕಷ್ಟದ್ದಲ್ಲ. ಕಾಯಂ ವಾಸಿಯಾಗಿ 5 ವರ್ಷ, ಅದರಲ್ಲಿ 30 ತಿಂಗಳಾದರೂ ಅಲ್ಲೇ ಇದ್ದಿರಬೇಕು. 5 ವರ್ಷ ತುಂಬುವ 90 ದಿನ ಮೊದಲೇ ಅರ್ಜಿ ಹಾಕಬಹುದು. ನಾನು 8 ವರ್ಷ ಸುಮ್ಮನೆ ಕೂತೆ. ಅಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದರು. ಊರಿಗೆ ಬಂದು 13 ತಿಂಗಳು ನಿಂತೆ. ಮರಳಿ ಬರುವ ಪರವಾನಗಿ ಮೊದಲೇ ಮಾಡಿಸಿದ್ದರಿಂದ ಕಾರ್ಡು ಉಳಿಯಿತು. ವಾಸದ ಎಣಿಕೆ ಮುರಿಯಿತು. ವಾಪಸು ಹೋದ ಮೇಲೆ ಅರ್ಜಿಗೆ 4 ವರ್ಷ 1 ದಿನ ಕಾದೆ. ಅಮ್ಮನ ಹತ್ತಿರ ಇದ್ದದ್ದಕ್ಕೆ ಬೇಸರವಿಲ್ಲ. ಅದಕ್ಕೆ ಮೊದಲು ಹಾಳು ಮಾಡಿದ 3 ವರ್ಷಕ್ಕೆ ಉಂಟು.

“ಪೌರತ್ವ ತೆಗೊಂಡರೆ ಅಡಿಕೆ ತೋಟ ಹೋಗ್ತದೆ” ಅಂತಾರೆ. ಸುಳ್ಳು. ಒಸಿಐ ಕಾರ್ಡಿನವರು ಕೃಷಿಭೂಮಿ ಕೊಳ್ಳುವಂತಿಲ್ಲ, ನಿಜ. ಅನಿವಾಸಿ ಭಾರತೀಯರೂ ಕೊಳ್ಳುವಂತಿಲ್ಲ. ಅಪ್ಪನಿಂದ ಪಿತ್ರಾರ್ಜಿತವಾಗಿ ಬಂದದ್ದು ಇಬ್ಬರಿಗೂ ಉಳಿಯುತ್ತದೆ. ಹೋಗುವುದು ಭಾರತದ ಪಾಸ್‌ಪೋರ್ಟು, ಇಲ್ಲಿನ ಓಟು. ಅದು ಸಣ್ಣ ನಷ್ಟವಲ್ಲ. ಅದಕ್ಕಾಗಿ ಬೇಡ ಅನ್ನುವವರಿಗೆ ಕೈ ಮುಗಿಯುತ್ತೇನೆ.

ಕಾಯುವುದಕ್ಕೂ ನ್ಯಾಯವಾದ ಕಾರಣ ಉಂಟು. 55 ತುಂಬಿ, 15 ವರ್ಷ ಕಾಯಂ ವಾಸಿಯಾದವರಿಗೆ ಇಂಗ್ಲಿಷ್ ಪರೀಕ್ಷೆ ಇಲ್ಲ. ದೇಶದ ಬಗೆಗಿನ ಪ್ರಶ್ನೆಗಳಿಗೆ ದುಭಾಷಿಯ ಮೂಲಕ ಕನ್ನಡದಲ್ಲೇ ಉತ್ತರಿಸಬಹುದು. ಇಂಗ್ಲಿಷ್ ಬಾರದ ಅಜ್ಜಿ ಕಾಯಲಿ. ನನ್ನಂಥವರು ಕಾಯುವುದು ಬರೀ ಸೋಮಾರಿತನ. ಬೇಕೋ ಬೇಡವೋ ಮೊದಲು ತೀರ್ಮಾನಿಸಿ. ಬೇಕಾದರೆ ಇವತ್ತೇ ಕ್ಯಾಲೆಂಡರು ತೆಗೆದು ದಿನ ಎಣಿಸಿ.