ಟೂರಿಗೆ ಯಾವ ಬೀಚ್? ರೀಲ್ಸ್ ಕೇಳಬೇಡಿ, ಮೀನುಗಾರರನ್ನು ಕೇಳಿ

ನಮ್ಮೂರಿನ ವಾಟ್ಸಾಪ್ ಗ್ರೂಪಿನಲ್ಲಿ ಟೂರ್ ಮಾತು ಶುರುವಾಗಿದೆ. ಸುಗ್ಗಿ ಮುಗಿದಿದೆ, ಕೈಯಲ್ಲಿ ನಾಲ್ಕು ಕಾಸು ಇದೆ. ಟೆಂಪೋ ಟ್ರಾವೆಲರ್ ಬಾಡಿಗೆ ಕೇಳಿದ್ದಾಯಿತು. ಇಡಗುಂಜಿ, ಮುರ್ಡೇಶ್ವರ, ಗೋಕರ್ಣ, ನಡುವೆ ಒಂದೆರಡು ಬೀಚ್. ಯಾವ ಬೀಚ್ ಎಂಬುದಕ್ಕೆ ಮಾತ್ರ ಜಗಳ. ಒಬ್ಬ "ಕರ್ನಾಟಕದ ಟಾಪ್ 10 ಬೀಚ್" ಅಂತ ವಿಡಿಯೋ ಹಾಕಿದ. ಇನ್ನೊಬ್ಬ ಡ್ರೋನಿನಲ್ಲಿ ತೆಗೆದ ಓಂ ಬೀಚ್ ಫೋಟೋ ಹಾಕಿದ. ಮತ್ತೊಬ್ಬ, "ಬಂಡೆ ಮೇಲೆ ನಿಂತರೆ ಹಿಂದೆ ಅಲೆ ಹಾರುತ್ತಲ್ಲ, ಆ ಜಾಗ ಯಾವುದು?" ಅಂತ ಕೇಳಿದ.

ಅರವತ್ತು ಮೆಸೇಜ್ ಓದಿದೆ. ಅಲ್ಲಿ ಲೈಫ್‌ಗಾರ್ಡ್ ಇದ್ದಾರಾ, ನಾವು ಹೋಗುವ ತಿಂಗಳಲ್ಲಿ ಕಡಲು ಹೇಗಿರುತ್ತೆ, ಹೆಂಗಸರಿಗೆ ಬಟ್ಟೆ ಬದಲಿಸಲು ಜಾಗ ಇದೆಯಾ ಎಂದು ಒಬ್ಬರೂ ಕೇಳಿರಲಿಲ್ಲ.

ಈ ಬರಹ ಆ ಗ್ರೂಪಿಗೆ. ಇಂಥ ಗ್ರೂಪ್ ನಿಮ್ಮೂರಲ್ಲೂ ಇರುತ್ತದೆ, ಆದ್ದರಿಂದ ನಿಮಗೂ.

ನನ್ನ ತಕರಾರು ಇಷ್ಟೇ. ನಾವು ಬೀಚನ್ನು ಮದುವೆಗೆ ಸೀರೆ ಆರಿಸಿದ ಹಾಗೆ, ಬಣ್ಣ ನೋಡಿ ಆರಿಸುತ್ತಿದ್ದೇವೆ. ಹಾಗೆ ಆರಿಸುವುದನ್ನು ನಮಗೆ ಕಲಿಸಿದವರು ರೀಲ್ಸ್ ಮಾಡುವವರು, ಹೋಟೆಲಿನವರು ಮತ್ತು ಪ್ರವಾಸೋದ್ಯಮದ ಜಾಹೀರಾತುಗಳು. ಮೂವರೂ ಕಡಲಿನ ಚಂದ ತೋರಿಸುತ್ತಾರೆ, ಅದರ ಸ್ವಭಾವ ಹೇಳುವುದಿಲ್ಲ.

ಸ್ವಭಾವ ಅಂದರೇನು? ಉತ್ತರ ಕನ್ನಡದ ಕರಾವಳಿ ಚೆನ್ನೈನ ಮರೀನಾದ ಹಾಗೆ ಉದ್ದಕ್ಕೆ ಚಾಚಿದ ಮರಳಲ್ಲ. ಕಾರವಾರದಿಂದ ಭಟ್ಕಳದವರೆಗೆ ಸಹ್ಯಾದ್ರಿಯ ಗುಡ್ಡಗಳು ಅಲ್ಲಲ್ಲಿ ಕಡಲಿಗೇ ಬಂದು ನಿಂತಿವೆ. ನಡುನಡುವೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಬಂದು ಸೇರುತ್ತವೆ. ಎರಡು ಗುಡ್ಡದ ಮೂಗುಗಳ ನಡುವೆ ಸಿಕ್ಕಿಕೊಂಡ ಮರಳಿನ ತುಂಡೇ ಇಲ್ಲಿನ ಬೀಚ್. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಲ್ಲವೂ ಹೀಗೆ ಆದದ್ದು. ಮೇಲಿಂದ ನೋಡಿದರೆ ಕಣ್ಣು ತುಂಬುತ್ತದೆ, ಸುಳ್ಳಲ್ಲ.

ಆದರೆ ಚಂದಕ್ಕೆ ಕಾರಣವಾದ ಆ ಬಂಡೆಗಳೇ ಅಪಾಯಕ್ಕೂ ಕಾರಣ. ಅಲೆಗಳು ದಡಕ್ಕೆ ತಳ್ಳಿದ ನೀರು ಹಿಂದಕ್ಕೆ ಹೋಗಲೇಬೇಕಲ್ಲ? ಅದು ಎಲ್ಲ ಕಡೆಯಿಂದ ಸಮನಾಗಿ ಹೋಗುವುದಿಲ್ಲ. ಮರಳಿನಲ್ಲಿ ತಗ್ಗು ಇರುವಲ್ಲಿ, ಬಂಡೆಯ ಪಕ್ಕದಲ್ಲಿ, ಅಳಿವೆಯ ಹತ್ತಿರ ಒಟ್ಟಾಗಿ ಕಾಲುವೆಯ ಹಾಗೆ ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ನೋಡುವವರಿಗೆ ಆ ಜಾಗದಲ್ಲಿ ಅಲೆ ಕಡಿಮೆ, ನೀರು ಶಾಂತ. ಈಜು ಬಾರದವರು "ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯೋಣ" ಅಂತ ಆರಿಸುವುದು ಸರಿಯಾಗಿ ಅದೇ ಜಾಗವನ್ನು. ಬಾವಿ, ಕೆರೆಯಲ್ಲಿ ಈಜಿದವನಿಗೂ ಈ ಸೆಳೆತ ಗೊತ್ತಿರುವುದಿಲ್ಲ, ಯಾಕೆಂದರೆ ಬಾವಿ ಯಾರನ್ನೂ ಅಡ್ಡಡ್ಡ ಎಳೆಯುವುದಿಲ್ಲ. ಸಿಕ್ಕಿಬಿದ್ದವನು ಗಾಬರಿಯಿಂದ ನೇರ ದಡದ ಕಡೆ ಕೈ ಬಡಿಯುತ್ತಾನೆ, ಸುಸ್ತಾಗುತ್ತಾನೆ, ಮುಳುಗುತ್ತಾನೆ. ಮಾಡಬೇಕಾದದ್ದು ಬೇರೆ. ಎಳೆತದ ಜೊತೆ ಗುದ್ದಾಡದೆ ತೇಲಬೇಕು, ಕೈ ಎತ್ತಿ ಕರೆಯಬೇಕು, ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಕಾಲುವೆಯಿಂದ ಹೊರಬರಬೇಕು.

ಇದನ್ನು ಯಾವ "ಟಾಪ್ 10" ವಿಡಿಯೋದಲ್ಲಿ ಹೇಳಿದ್ದಾರೆ, ಹುಡುಕಿ ನೋಡಿ.

2024ರ ಡಿಸೆಂಬರ್ ನೆನಪಿದೆಯಲ್ಲ? ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಶಾಲಾ ಪ್ರವಾಸಕ್ಕೆ ಬಂದು ಮುರ್ಡೇಶ್ವರದ ಕಡಲಿನಲ್ಲಿ ಹೋದರು. ಆಮೇಲೆ ಶಿಕ್ಷಕರ ಮೇಲೆ ಕೇಸು, ಪರಿಹಾರದ ಘೋಷಣೆ, ಕೆಲ ಕಾಲ ಬೀಚ್ ಬಂದ್. ಫೇಸ್‌ಬುಕ್ಕಿನಲ್ಲಿ ನಾನು ಓದಿದ ಕಮೆಂಟುಗಳು ಹೆಚ್ಚಾಗಿ ಒಂದೇ ಥರ: "ನೀರಿಗೆ ಇಳಿಯಬಾರದು ಅಂತ ಗೊತ್ತಾಗಲ್ವಾ?"

ಹೇಗೆ ಗೊತ್ತಾಗಬೇಕು? ಕೋಲಾರದಿಂದ ಕಡಲಿಗೆ ಒಂದು ರಾತ್ರಿಯ ದಾರಿ. ಅಲ್ಲಿನ ಹಳ್ಳಿಯ ಎಷ್ಟೋ ಮಕ್ಕಳು ಜೀವನದಲ್ಲಿ ಮೊದಲ ಸಲ ಕಡಲು ನೋಡುವುದು ಶಾಲೆಯ ಟೂರಿನಲ್ಲೇ. ಯಾದಗಿರಿ, ಗದಗ, ಚಿತ್ರದುರ್ಗದ ಮಕ್ಕಳ ಕಥೆಯೂ ಅದೇ. ಕನ್ನಡ ಪುಸ್ತಕದಲ್ಲಿ ಕಡಲಿನ ವರ್ಣನೆ ಓದಿಸುತ್ತೇವೆ, ಭೂಗೋಳದಲ್ಲಿ ಅರಬ್ಬಿ ಸಮುದ್ರದ ಹೆಸರು ಬಾಯಿಪಾಠ ಮಾಡಿಸುತ್ತೇವೆ, ಬಸ್ ಹತ್ತಿಸುವ ಮುಂಚೆ ಸೆಳೆತ ಅಂದರೇನು ಎಂದು ಹತ್ತು ನಿಮಿಷ ಹೇಳುವುದಿಲ್ಲ. ಆಮೇಲೆ ಸತ್ತ ಮಕ್ಕಳನ್ನೇ ಬೈಯುತ್ತೇವೆ. ಇದು ನನಗೆ ಒಪ್ಪಿತವಲ್ಲ.

ಮುರ್ಡೇಶ್ವರದಲ್ಲಿ 123 ಅಡಿಯ ಶಿವನ ವಿಗ್ರಹವನ್ನು ಯಾರೂ ನೋಡದೆ ಬರುವುದಿಲ್ಲ. ಎಲ್ಲಿ ಇಳಿಯಬಹುದು, ಎಲ್ಲಿ ಇಳಿಯಬಾರದು ಎಂಬ ಗುರುತು ಕೂಡ ಅಷ್ಟೇ ಸ್ಪಷ್ಟವಾಗಿ ಕಾಣಬೇಕು. ಕೆಂಪು-ಹಳದಿ ಬಾವುಟ ನೆಟ್ಟ ಎರಡು ಕಂಬಗಳ ನಡುವಿನ ಜಾಗದಲ್ಲಿ ಕಾವಲು ಇದೆ, ಬರೀ ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯಬಾರದು. ಇಷ್ಟು ಸರಳ. ಬಯಲುಸೀಮೆಯ ಎಷ್ಟು ಮಂದಿಗೆ ಇದು ಗೊತ್ತು? ಬಾವುಟ ನೆಡುವವರು ಅದರ ಅರ್ಥವನ್ನೂ ಪಾರ್ಕಿಂಗ್ ಜಾಗದಲ್ಲೇ, ಕನ್ನಡದಲ್ಲಿ, ಚಿತ್ರದ ಸಮೇತ ಹಾಕಲಿ. ಬಸ್ಸಿನ ಪಾರ್ಕಿಂಗ್ ದುಡ್ಡು ವಸೂಲಿ ಮಾಡುವಾಗಲೇ ಒಂದು ಚೀಟಿ ಕೊಡಲಿ.

ಇನ್ನು ಗೋಕರ್ಣಕ್ಕೆ ಬರೋಣ. ಓಂ ಬೀಚಿನಲ್ಲಿ ಎರಡು ಅರ್ಧಚಂದ್ರದ ನಡುವೆ ಬಂಡೆಗಳ ಒಂದು ಸಾಲಿದೆ. ಎಲ್ಲರೂ ಫೋಟೋಗೆ ಹತ್ತುವುದು ಅಲ್ಲೇ. ನೀರು ತಾಗುವ ಬಂಡೆಯಲ್ಲಿ ಪಾಚಿ ಇರುತ್ತದೆ, ಹವಾಯಿ ಚಪ್ಪಲಿ ಅಲ್ಲಿ ನಿಲ್ಲುವುದಿಲ್ಲ. ಹತ್ತುವಾಗ ಇಳಿತ ಇದ್ದು ಮರಳಿನ ಮೇಲೇ ನಡೆದು ಹೋಗಿರುತ್ತೀರಿ, ಸೆಲ್ಫಿ ಮುಗಿಯುವಷ್ಟರಲ್ಲಿ ಉಬ್ಬರ ಶುರುವಾಗಿ ಸುತ್ತ ನೀರು. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಉಬ್ಬರ ಇನ್ನೂ ಜೋರು. ನಮ್ಮ ಅಜ್ಜಿಯರಿಗೆ ಅಮಾವಾಸ್ಯೆ ಯಾವಾಗ ಎಂದು ಬೆರಳ ತುದಿಯಲ್ಲಿ ಗೊತ್ತಿತ್ತು, ನಾವು ಹೋಟೆಲ್ ರೇಟು ನೋಡಿ ದಿನ ಗೊತ್ತು ಮಾಡುತ್ತೇವೆ.

ಪ್ಯಾರಡೈಸ್ ಬೀಚಿಗೆ ಗುಡ್ಡ ಹತ್ತಿಳಿದು ನಡೆಯಬೇಕು, ಇಲ್ಲವೇ ದೋಣಿ ಹಿಡಿಯಬೇಕು. ಜನ ಕಡಿಮೆ, ಅದಕ್ಕೇ ಚಂದ ಅನ್ನುತ್ತಾರೆ. ವಾಹನ ಹೋಗದ ಜಾಗಕ್ಕೆ ಆಂಬುಲೆನ್ಸೂ ಹೋಗುವುದಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. ಇಪ್ಪತ್ತು ವರ್ಷದ ಹುಡುಗರು ಸಂಜೆಯೊಳಗೆ ವಾಪಸ್ ಬರುವಂತೆ ಹೋಗಿ ಬರಲಿ, ಬೇಡ ಅನ್ನುವುದಿಲ್ಲ. ಮೊಣಕಾಲು ನೋವಿನ ಅತ್ತೆಯನ್ನೂ ಐದು ವರ್ಷದ ಮಗುವನ್ನೂ ಕರೆದುಕೊಂಡು ಹೋಗುವ ಜಾಗ ಅದಲ್ಲ.

ತಿಂಗಳಿನ ಮಾತು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮರಿ ಮಾಡುವ ಕಾಲ ಎಂಬುದು ಒಂದು ಕಾರಣ, ಕಡಲು ಹುಚ್ಚೆದ್ದಿರುತ್ತದೆ ಎಂಬುದು ಇನ್ನೊಂದು. ಹುಟ್ಟಿದಾಗಿನಿಂದ ಉಪ್ಪುನೀರು ಕುಡಿದವರೇ ದೋಣಿ ದಡಕ್ಕೆಳೆದು ಕೂತಿರುವಾಗ ನಾವು ಅದೇ ನೀರಿಗೆ "ಮಳೆಗಾಲದ ಸ್ಪೆಷಲ್" ಅಂತ ಹೊರಡುತ್ತೇವೆ. ರಸ್ತೆಯೂ ಆಗ ನಂಬುವ ಹಾಗಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು ಚಹಾ ಅಂಗಡಿ, ಲಾರಿ, ಮನುಷ್ಯರು ಎಲ್ಲರನ್ನೂ ಗಂಗಾವಳಿಗೆ ತಳ್ಳಿದ್ದನ್ನು ಇಡೀ ದೇಶ ನೋಡಿತು. ನಾವು ಬೇಗ ಬೀಚ್ ಮುಟ್ಟಲಿ ಎಂದು ಅಗಲ ಮಾಡಿದ ರಸ್ತೆಯೇ ಅದು.

ನವೆಂಬರಿನಿಂದ ಫೆಬ್ರವರಿವರೆಗೆ ಹೋಗಿ. ಆಗಲೂ ಹಿಂದಿನ ದಿನ ಸುದ್ದಿ ನೋಡಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ದೊಡ್ಡ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತಲೇ ಇರುತ್ತದೆ, ಟಿವಿ ಮತ್ತು ಪತ್ರಿಕೆಗಳಲ್ಲಿ ಬರುತ್ತದೆ.

ಈಗ ರೀಲ್ಸಿನವರು ಮುಟ್ಟದ ಇನ್ನೊಂದು ವಿಷಯ. ಬೀಚ್ ಯಾರದು?

ನಮಗೆ ಖಾಲಿ ಮರಳು ಅಂತ ಕಾಣುವುದು ಅಲ್ಲಿನವರಿಗೆ ಕಣ. ನಮ್ಮ ರಾಶಿ ಕಣದಲ್ಲಿ ಯಾರಾದರೂ ಬಂದು ಬಾಟಲಿ ಒಡೆದು, ಕಾರು ಓಡಿಸಿ, ಫೋಟೋ ತೆಗೆದುಕೊಂಡರೆ ಸುಮ್ಮನಿರುತ್ತೇವಾ? 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬರುವವರೆಗೆ ಊರಿಗೆ ಊರೇ ಸೇರಿ ರಂಪಣಿ ಬಲೆ ಎಳೆಯುತ್ತಿದ್ದದ್ದು ಇಂಥ ಮರಳಿನ ಮೇಲೆ. ಇವತ್ತಿಗೂ ಹೆಂಗಸರು ಮೀನು ಒಣಗಿಸುವುದು ಅಲ್ಲೇ. ನಾವು ಮಳೆಗಾಲದಲ್ಲಿ ಸಂತೆಯಿಂದ ತರುವ ಒಣಮೀನು ಎಲ್ಲಿಂದ ಬಂತು ಅಂದುಕೊಂಡಿರಿ?

ಹೊನ್ನಾವರದ ಕಾಸರಕೋಡನ್ನೇ ನೋಡಿ. 2020ರಲ್ಲಿ ದೇಶದ ಎಂಟು ಬೀಚುಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು, ಅದರಲ್ಲಿ ಎರಡು ನಮ್ಮವು, ಕಾಸರಕೋಡು ಮತ್ತು ಪಡುಬಿದ್ರಿ. ನೀರಿನ ಪರೀಕ್ಷೆ, ಶೌಚಾಲಯ, ಕಾವಲು ಸೇರಿ 33 ಮಾನದಂಡ. ಒಳ್ಳೆಯದೇ. ಆದರೆ ಅದೇ ಕಾಸರಕೋಡಿನ ಟೊಂಕದಲ್ಲಿ ಮೀನುಗಾರರು ಖಾಸಗಿ ಬಂದರಿನ ವಿರುದ್ಧ ವರ್ಷಗಳಿಂದ ಹೋರಾಡುತ್ತಿದ್ದಾರೆ. ಕಡಲಾಮೆ ಮೊಟ್ಟೆ ಇಡುವ, ಮೀನು ಒಣಗಿಸುವ ಜಾಗ ಅದು. ಒಂದೇ ಊರು. ಒಂದು ಕಡೆ ಪರಿಸರ ಕಾಪಾಡಿದ್ದಕ್ಕೆ ಬಾವುಟ, ಇನ್ನೊಂದು ಕಡೆ ಅದೇ ಪರಿಸರಕ್ಕಾಗಿ ಬೀದಿಗಿಳಿದವರಿಗೆ ಪೊಲೀಸ್ ಬಂದೋಬಸ್ತ್. ಕಾರವಾರದ ಅರಗಾ ಸುತ್ತಮುತ್ತಲಿನವರು ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ, ಕಡಲು ಬಿಟ್ಟುಕೊಟ್ಟು ಪರಿಹಾರಕ್ಕೆ ದಶಕಗಟ್ಟಲೆ ಕೋರ್ಟು ಅಲೆದರು. ಅಣೆಕಟ್ಟಿಗೆ ಊರು ಬಿಟ್ಟ ಆಲಮಟ್ಟಿಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ನಾವು ಹೋಗಲೇಬಾರದಾ ಎಂದು ಕೇಳುತ್ತೀರಿ. ವರ್ಷಕ್ಕೊಮ್ಮೆ ಹಳ್ಳಿಯವರು ಕಡಲು ನೋಡುವುದಕ್ಕೂ ನಿನ್ನ ಉಪದೇಶವಾ ಎಂದೂ ಕೇಳುತ್ತೀರಿ. ಖಂಡಿತ ಹೋಗಬೇಕು. ಕಡಲು ರೆಸಾರ್ಟಿನವರ ಆಸ್ತಿಯಲ್ಲ. ದುಡ್ಡಿದ್ದವನಿಗೆ ರೆಸಾರ್ಟ್ ಈಜುಕೊಳ ಕೊಡುತ್ತದೆ, ಕಾವಲಿನವನನ್ನೂ ಕೊಡುತ್ತದೆ. ಟೆಂಪೋದಲ್ಲಿ ಬಂದ ನಮಗೆ ಸಿಗುವುದು ಬರೀ ಬಯಲು ಕಡಲು. ಅದಕ್ಕೇ ಸಾರ್ವಜನಿಕ ಬೀಚಿನಲ್ಲಿ ಕಾವಲು ಕೇಳುವುದು ನಮ್ಮ ಹಕ್ಕು ಅನ್ನುತ್ತಿದ್ದೇನೆ. ಲೈಫ್‌ಗಾರ್ಡ್‌ಗಳು ಹೆಚ್ಚಿನವರು ಅಲ್ಲಿನ ಮೀನುಗಾರರ ಮಕ್ಕಳು, ಗುತ್ತಿಗೆ ಕೆಲಸ. ಅವರಿಗೆ ವರ್ಷಪೂರ್ತಿ ಸಂಬಳ ಸಿಗಲಿ. ಸೆಲ್ಫಿ ಪಾಯಿಂಟ್ ಆಮೇಲೆ ಕಟ್ಟಿದರೂ ನಡೆಯುತ್ತದೆ.

ಪ್ರವಾಸಿಗರು ಬಂದರೆ ಅಲ್ಲಿನವರಿಗೆ ನಾಲ್ಕು ಕಾಸು ಸಿಗುತ್ತದೆ ಎಂಬ ಮಾತೂ ನಿಜ. ಊರಿನವರ ಮನೆಯೂಟ ಉಂಡರೆ, ಅವರ ದೋಣಿ ಹತ್ತಿದರೆ ಸಿಗುತ್ತದೆ. ಮನೆಯಿಂದ ಪುಳಿಯೋಗರೆ, ನೀರಿನ ಬಾಟಲಿ ಕಟ್ಟಿಕೊಂಡು ಹೋಗಿ ಪ್ಲಾಸ್ಟಿಕ್ ಮಾತ್ರ ಬಿಟ್ಟು ಬಂದರೆ ಸಿಗುವುದು ಕಸ ಗುಡಿಸುವ ಕೆಲಸ.

ನಮ್ಮ ಗ್ರೂಪಿನಲ್ಲಿ ನಾನು ಹಾಕಿದ ಪ್ರಶ್ನೆಗಳನ್ನು ಇಲ್ಲೂ ಹಾಕುತ್ತೇನೆ. ಬೇಕಾದರೆ ಕಾಪಿ ಮಾಡಿಕೊಳ್ಳಿ.

1. ನಾವು ಹೋಗುವ ದಿನ ಅಲ್ಲಿ ಲೈಫ್‌ಗಾರ್ಡ್ ಇರುತ್ತಾರಾ, ಎಷ್ಟು ಗಂಟೆಯವರೆಗೆ?
2. ಯಾವ ತಿಂಗಳು? ದೋಣಿಗಳು ಕಡಲಿಗೆ ಇಳಿಯುತ್ತಿವೆಯಾ?
3. ಅಲ್ಲಿಗೆ ಆಂಬುಲೆನ್ಸ್ ಬರುತ್ತದಾ?
4. ಹೆಂಗಸರಿಗೆ, ಮಕ್ಕಳಿಗೆ ಶೌಚಾಲಯ ಇದೆಯಾ?
5. ನಮ್ಮ ಕಸ ವಾಪಸ್ ತರಲು ಚೀಲ ಇಟ್ಟುಕೊಂಡಿದ್ದೇವಾ?

ಮಕ್ಕಳಿದ್ದರೆ ಕಾಸರಕೋಡು, ಪಡುಬಿದ್ರಿಯಂಥ ಕಡೆ ಹೋಗಿ, ಕಾವಲಿರುವಲ್ಲಿ ಮಾತ್ರ, ಮೊಣಕಾಲಿನ ನೀರಿನಲ್ಲಿ ಆಡಿಸಿ. ನೋಟವೇ ಬೇಕಿದ್ದರೆ ಮರವಂತೆಯಲ್ಲಿ ಬಸ್ ನಿಲ್ಲಿಸಿ. ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು, ನೀರಿಗೆ ಇಳಿಯದೆಯೇ ಹೊಟ್ಟೆ ತುಂಬುತ್ತದೆ. ಕಾರವಾರದ ಮಾಜಾಳಿಯಿಂದ ಆಚೆ ತಿಳಮಾತಿ ಇದೆ, ಎಳ್ಳಿನ ಹಾಗೆ ಕಪ್ಪು ಮರಳು. ರವೀಂದ್ರನಾಥ ಟ್ಯಾಗೋರರು 1883ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಕಾರವಾರದ ದಡದಲ್ಲಿ ಅಡ್ಡಾಡಿ ನಾಟಕ ಬರೆದರು. ಕಡಲು ದಡದಲ್ಲಿ ಕೂತವರಿಗೂ ಕೊಡುತ್ತದೆ.

ಎಲ್ಲಿಗೆ ಹೋದರೂ ಇಳಿದ ಕೂಡಲೇ ಬಲೆ ಸರಿಮಾಡುತ್ತಾ ಕೂತ ಯಾರನ್ನಾದರೂ ಕೇಳಿ: "ಅಣ್ಣಾ, ಇವತ್ತು ನೀರು ಹೇಗಿದೆ?" ಅವರು ಬೇಡ ಅಂದರೆ ಬೇಡ. ಏನಾದರೂ ಆದರೆ 112, ಕರಾವಳಿ ಕಾವಲು ಪೊಲೀಸ್ 1093. ಈ ಎರಡು ನಂಬರ್ ಈಗಲೇ ಫೋನಿನಲ್ಲಿ ಸೇವ್ ಮಾಡಿ.

ಗ್ರೂಪಿನಲ್ಲಿ ನನ್ನ ಐದು ಪ್ರಶ್ನೆಗೆ ಮೊದಲು ಬಂದದ್ದು ಎರಡು ನಗುವ ಇಮೋಜಿ. ಸಂಜೆ ಹೊತ್ತಿಗೆ ಒಬ್ಬ ತಾಯಿ ಬರೆದರು: "ನಮ್ಮ ಹುಡುಗಿ ಶಾಲೆ ಟೂರ್ ಮುಂದಿನ ತಿಂಗಳು ಇದೆ. ಈ ಪ್ರಶ್ನೆ ಮೇಷ್ಟ್ರಿಗೆ ಕಳಿಸಲಾ?"

ಕಳಿಸಿ ಅಂದೆ. ನೀವೂ ಕಳಿಸಿ.