ಪ್ಯಾಡ್ ಆಮೇಲೆ, ಮೊದಲು ಡಿಸ್ಕ್ ಅಳೀರಿ

ಕಾಲೇಜ್ ಪಾರ್ಕಿಂಗ್‌ನಲ್ಲಿ ನಿಂತು 'ಸಿಂಟರ್ಡ್ ಹಾಕ್ಸೋದಾ, ಆರ್ಗ್ಯಾನಿಕ್ ಹಾಕ್ಸೋದಾ' ಅಂತ ಗಂಟೆಗಟ್ಟಲೆ ವಾದ ಮಾಡೋರು ನಾವು. ಆ ಪ್ಯಾಡ್ ಕಚ್ಚೋ ಡಿಸ್ಕ್ ಎಷ್ಟು ದಪ್ಪ ಉಳಿದಿದೆ ಅಂತ ಕೇಳಿದ್ರೆ ಒಬ್ಬರ ಹತ್ರನೂ ಉತ್ತರ ಇರಲ್ಲ. ನಮ್ಮ ಹತ್ರನೂ ಇರಲಿಲ್ಲ.

ನಾವು ಮೂವರಿಗೆ ಸೇರಿ ಒಂದೇ ಬೈಕು, ಸೆಕೆಂಡ್ ಹ್ಯಾಂಡ್ 150 ಸಿಸಿ. ಹೋದ ಸೆಮಿಸ್ಟರ್‌ನಲ್ಲಿ ಮುಂದಿನ ಬ್ರೇಕ್ ಕಿರ್ರ್ ಅನ್ನೋಕೆ ಶುರು ಮಾಡ್ತು. ವಿಜಯನಗರದಲ್ಲಿ ಒಬ್ಬ ಮೆಕ್ಯಾನಿಕ್ ಅಣ್ಣ ಪ್ಯಾಡ್ ಬಿಚ್ಚಿ ತೋರಿಸಿದ್ರು. ಸವೆತ ತೋರಿಸೋ ಗೀರು ಮಾಯ, ತಗಡು ತಾಗೋದೊಂದು ಬಾಕಿ. 'ಡಿಸ್ಕ್ ಹೆಂಗಿದೆ ಅಣ್ಣ?' ಅಂದ್ವಿ. ಬೆರಳಲ್ಲಿ ಸವರಿ ನೋಡಿ, 'ಇನ್ನೊಂದ್ ವರ್ಷ ಓಡತ್ತೆ ಬಿಡ್ರಪ್ಪ' ಅಂದ್ರು. 350 ರೂಪಾಯಿ ಕೊಟ್ಟು ಹೊಸ ಪ್ಯಾಡ್ ಹಾಕಿಸ್ಕೊಂಡು ಖುಷಿಯಾಗಿ ಬಂದ್ವಿ.

ಮೂರನೇ ದಿನ ನಾಯಂಡಹಳ್ಳಿ ಸಿಗ್ನಲ್. ಸಣ್ಣ ಮಳೆ, ಬೈಕಿನಲ್ಲಿ ಇಬ್ಬರು. ಲಿವರ್ ಗಟ್ಟಿಯಾಗಿ ಒತ್ತಿದ್ರೂ ಬೈಕ್ ತನ್ನ ಪಾಡಿಗೆ ಹೋಗಿ, ಬಿಎಂಟಿಸಿ ಬಸ್ಸಿಗೆ ಒಂದು ಗೇಣು ಇರೋವಾಗ ನಿಂತ್ಕೊಳ್ತು. ಅದೂ ಹೊಸ ಪ್ಯಾಡ್ ಹಾಕಿಸಿ!

ಡಿಸ್ಕ್ ಮೇಲೆ ಸಣ್ಣ ಅಕ್ಷರದಲ್ಲಿ ಕನಿಷ್ಠ ದಪ್ಪ ಕೊರೆದಿರ್ತಾರೆ. ನಮ್ಮದರಲ್ಲಿ 3.5 ಮಿ.ಮೀ. ಹೊಸದು 4 ಮಿ.ಮೀ. ಇರತ್ತೆ. ಅಂದ್ರೆ ಸವೆಯೋಕೆ ಇರೋದು ಅರ್ಧ ಮಿಲಿಮೀಟರ್ ಮಾತ್ರ. ವರ್ನಿಯರ್ ಹಾಕಿದ್ವಿ, 3.8 ಬಂತು. ಪರವಾಗಿಲ್ಲ ಅನ್ಕೊಂಡ್ವಿ. ಲ್ಯಾಬ್ ಇನ್‌ಸ್ಟ್ರಕ್ಟರ್ ಸರ್ ನಕ್ಕು, ಮೈಕ್ರೊಮೀಟರ್ ಕೈಗೆ ಕೊಟ್ರು. ಪ್ಯಾಡ್ ಉಜ್ಜೋ ಜಾಗ ಮಾತ್ರ ಸವೆದು ತಗ್ಗಾಗತ್ತೆ, ಅಂಚಿನಲ್ಲಿ ಸಣ್ಣ ಏಣು ಹಾಗೇ ಉಳ್ಕೊಳತ್ತೆ. ವರ್ನಿಯರ್ ದವಡೆ ಆ ಏಣಿನ ಮೇಲೆ ಕೂತು ಸುಳ್ಳು ಹೇಳತ್ತೆ. ಮೈಕ್ರೊಮೀಟರ್ ಏಣನ್ನ ದಾಟಿ ಒಳಗಡೆ ಮುಟ್ಟತ್ತೆ. 3.3 ಬಂತು. ವೈವಾದಲ್ಲಿ ಲೀಸ್ಟ್ ಕೌಂಟ್ ಬಾಯಿಪಾಠ ಒಪ್ಪಿಸಿದ ನಮಗೆ ಆ ಉಪಕರಣ ಯಾಕಿದೆ ಅಂತ ಗೊತ್ತಾಗಿದ್ದು ಅವತ್ತೇ.

ಬ್ರೇಕ್ ಯಾಕೆ ಹಿಡೀಲಿಲ್ಲ ಅನ್ನೋದೂ ಅಲ್ಲೇ ಕಾಣ್ತಿತ್ತು. ಡಿಸ್ಕ್ ತುಂಬ ಗೆರೆ ಬಿದ್ದಿತ್ತು, ಚಪ್ಪಟೆ ಹೊಸ ಪ್ಯಾಡ್ ಆ ಗೆರೆಗಳ ಏಣುಗಳನ್ನ ಮಾತ್ರ ಮುಟ್ತಿತ್ತು. ಇಬ್ಬರನ್ನ ಹೊತ್ತ ಬೈಕು 260 ಕೆ.ಜಿ. ಅಂತಿಟ್ಕೊಳ್ಳಿ. 60 ಕಿ.ಮೀ. ವೇಗದಿಂದ ನಿಲ್ಲಿಸಿದ್ರೆ ಸುಮಾರು 36 ಕಿಲೋಜೂಲ್ ಶಾಖ. ಅಷ್ಟೂ ಒಂದು ಕೆ.ಜಿ.ಯ ಡಿಸ್ಕಿಗೇ ಹೋದ್ರೆ ಒಂದೇ ಸಲಕ್ಕೆ 75 ಡಿಗ್ರಿ ಏರತ್ತೆ. ಡಿಸ್ಕ್ ತೆಳ್ಳಗಾದಷ್ಟೂ ಅದೇ ಶಾಖ ತಡೆಯೋಕೆ ಇರೋ ಲೋಹ ಕಡಿಮೆ. ಗೆರೆ ಹೋಗ್ಲಿ ಅಂತ ಡಿಸ್ಕ್ ಉಜ್ಜಿಸೋದು ನಮ್ಮ ಪ್ರಕಾರ ದಡ್ಡತನ. ಇರೋ ಅರ್ಧ ಮಿಲಿಮೀಟರನ್ನ ದುಡ್ಡು ಕೊಟ್ಟು ಕಳ್ಕೊಂಡ ಹಾಗೆ. ಎಬಿಎಸ್ ಇದೆ ಅಂತ ನಿಶ್ಚಿಂತೆ ಬೇಡ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕುಗಳಿಗೆಲ್ಲ ಅದು ಕಡ್ಡಾಯ, ಸರಿ. ಆದ್ರೆ ಅದು ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳತ್ತೆ, ಇಲ್ಲದ ಘರ್ಷಣೆಯನ್ನ ಹುಟ್ಟಿಸಲ್ಲ.

ಇನ್ನು ಪ್ಯಾಡ್ ವಾದ. ಸಿಂಟರ್ಡ್ ಅಂದ್ರೆ ಲೋಹದ ಪುಡಿ ಒತ್ತಿ ಕಾಯಿಸಿ ಮಾಡಿದ್ದು. ಮಳೆಯಲ್ಲೂ ಬಿಸಿಯಲ್ಲೂ ಚೆನ್ನಾಗಿ ಹಿಡಿಯತ್ತೆ, ಒಪ್ಕೊಳ್ತೀವಿ. ಆದ್ರೆ ಆರ್ಗ್ಯಾನಿಕ್‌ಗೆ ಅಂತ ಮಾಡಿದ ಡಿಸ್ಕನ್ನ ಬೇಗ ತಿನ್ನಬಹುದು, ಮತ್ತೆ ಡಿಸ್ಕ್ ಬೆಲೆ ಪ್ಯಾಡಿನ ನಾಲ್ಕು ಪಟ್ಟು. ಕೆಲವು ಪ್ಯಾಡ್‌ಗಳ ಬೆನ್ನಿನ ಮೇಲೆ ಎಫ್‌ಎಫ್, ಜಿಜಿ, ಎಚ್‌ಎಚ್ ಅಂತ ಎರಡಕ್ಷರ ಇರತ್ತೆ. ಮೊದಲನೆಯದು ಕಡಿಮೆ ಶಾಖದಲ್ಲಿ ಹಿಡಿತ, ಎರಡನೆಯದು ಬಿಸಿಯಾದಾಗ. ಎಫ್ ಅಂದ್ರೆ ಘರ್ಷಣಾಂಕ 0.35ರಿಂದ 0.45, ಎಚ್ ಅಂದ್ರೆ 0.55ಕ್ಕಿಂತ ಜಾಸ್ತಿ. ರಾಜಾಜಿನಗರದಿಂದ ಕೆಂಗೇರಿವರೆಗೆ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳೋ ನಮಗೆ ರೇಸಿನ ಬಿಸಿ ಎಲ್ಲಿಂದ ಬರಬೇಕು? ಬೈಕ್ ಕಂಪನಿ ಯಾವ ಥರದ ಪ್ಯಾಡ್ ಕೊಟ್ಟಿತ್ತೋ ಅದೇ ಥರದ್ದು ಸಾಕು.

ಡಿಸ್ಕೂ ಅಷ್ಟೇ. ಹೂವಿನ ದಳದ ಹಾಗೆ ಕತ್ತರಿಸಿದ ಪೆಟಲ್ ಡಿಸ್ಕ್ ನೋಡೋಕೆ ಚೆಂದ. ಅದರ ಬದಲು ಪಾರ್ಟ್ ನಂಬರ್ ಬರ್ಕೊಂಡು ಜೆ.ಸಿ. ರೋಡಿಗೆ ಹೋಗಿ, ಅದೇ ನಂಬರ್ ಇರೋ ಬಿಲ್ ಕೇಳಿ. ನಾವು ಡಿಸ್ಕ್, ಪ್ಯಾಡ್ ಎರಡೂ ಒಟ್ಟಿಗೆ ಹೊಸದು ಹಾಕಿಸಿದ್ವಿ. ಆಮೇಲೆ ಎರಡು ಭಾನುವಾರ ಬೆಳಗ್ಗೆ ಕೆಂಗೇರಿ ಉಪನಗರದ ಖಾಲಿ ರಸ್ತೆಗಳಲ್ಲಿ ಮೆತ್ತಗೆ ಬ್ರೇಕ್ ಹಿಡೀತಾ ಓಡಿಸಿ ಎರಡನ್ನೂ ಹೊಂದಿಸಿದ್ವಿ. (ಆಯುಧಪೂಜೆಗೆ ಬೈಕಿಗೆಲ್ಲ ಕುಂಕುಮ ಹಚ್ಚಿ, ಡಿಸ್ಕಿಗೆ ಬೇಡ. ಮಿರಮಿರ ಮಿಂಚಲಿ ಅಂತ ಪಾಲಿಶ್ ಅಂತೂ ಬೇಡವೇ ಬೇಡ.)

ಹಳೇ ಡಿಸ್ಕನ್ನ ಲ್ಯಾಬಿಗೇ ಕೊಟ್ಟಿದ್ದೀವಿ. ಮೈಕ್ರೊಮೀಟರ್ ಪಕ್ಕದ ಮೊಳೆಗೆ ನೇತಾಕಿದ್ದಾರೆ. ಅಳೆದು ನೋಡೋರು ನೋಡಬಹುದು, ಪ್ರಾಕ್ಟಿಸ್‌ಗೆ.